ಹೊಳೆದಂಡೆಯ ಬಾಂಗು

ನನ್ನ ದನಿ ದೊಡ್ಡದು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದಿನದೆಲ್ಲ ಅದರಿಂದಲೇ ಆಯಿತು. ಮಾದನಹಿಪ್ಪರಗಾದ ಎರಿಹೊಲದಲ್ಲಿ ಮಂಚಿಕೆ ಹತ್ತಿ ನಿಂತು, ಜೋಳದ ತೆನೆಗೆ ಕೂತ ಹಕ್ಕಿ ಎಬ್ಬಿಸಿ ಬೆಳೆದ ದನಿ ಅದು. ಅಲ್ಲಿ ಪಿಸುಗುಟ್ಟಿದರೆ ಹಕ್ಕಿ ಏಳುವುದಿಲ್ಲ. ಅದೂ ಹೆಂಗಸಿನ ದನಿಯಲ್ಲ, ದಪ್ಪ ದನಿ. ಗುರುತಿಲ್ಲದವರು ಫೋನಿನಲ್ಲಿ ನನ್ನನ್ನು ‘ಚಾಚಾ’ ಅಂದದ್ದುಂಟು. ನಮ್ಮವರದು ಇದಕ್ಕೆ ಉಲ್ಟಾ. ಅವರು ಮಾತಾಡಿದರೆ ಪಕ್ಕದಲ್ಲಿ ಕೂತವನಿಗೂ ಕೇಳಬೇಕೆಂದಿಲ್ಲ. ಮೇಲಿನವನು ಜೋಡಿ ಕೂಡಿಸುವಾಗ ಸರಿದೂಗಿಸಿದ್ದಾನೆ ಎಂದು ಓಣಿಯವರು ನಗುತ್ತಾರೆ. ನಮ್ಮವರ ಹೆಸರು ನಾನು ಹೇಳುವುದಿಲ್ಲ, ನಮ್ಮಲ್ಲಿ ಹೆಂಡತಿ ಹೇಳುವ ಪದ್ಧತಿಯಿಲ್ಲ. ಬೇರೆಯವರು ಕರೆದಾಗ ನಿಮಗೇ ಗೊತ್ತಾಗುತ್ತದೆ.

ಮದುವೆಯಾದ ದಿನದಿಂದ ಅವರು ನನಗೆ ಹೇಳುತ್ತ ಬಂದದ್ದು ಒಂದೇ ಮಾತು: ‘ಸುಮ್ನಿರು ಬೇ.’ ನಾನು ಸುಮ್ಮನಿದ್ದದ್ದು ಕಡಿಮೆ.

ಆದರೆ ಮಗಳು ನೂರೀನಳ ವಿಷಯಕ್ಕೆ ಬಂದಾಗ ನನಗೂ ಹೆದರಿಕೆ ಹುಟ್ಟಿತು. ಅವಳ ಮೊದಲ ಸಂಬಂಧ ಆಳಂದದ್ದು. ಎಲ್ಲ ಮಾತಾಗಿತ್ತು. ಆಮೇಲೆ ಆ ಮನೆಯವರು, ತಾಯಿಯ ಬಾಯಿ ಇಷ್ಟು ಜೋರಿದ್ದರೆ ಮಗಳದೆಷ್ಟಿರಬೇಕು ಎಂದು ಕೈಬಿಟ್ಟರು. ನೂರೀನಳಿಗೆ ತಂದೆಯ ದನಿ ಬಂದಿದೆ, ನನ್ನದಲ್ಲ. ಅದನ್ನು ಕೇಳಿ ನೋಡುವಷ್ಟು ತಾಳ್ಮೆ ಯಾರಿಗಿತ್ತು? ಹುಡುಗಿ ಅತ್ತದ್ದನ್ನು ನಾನು ನೋಡಲಿಲ್ಲ. ಕಣ್ಣು ಊದಿದ್ದನ್ನು ನೋಡಿದೆ.

ಈಗ ಬಂದದ್ದು ರೆಹಾನನ ಸಂಬಂಧ. ಹುಡುಗ ಜೇವರ್ಗಿಯಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡುತ್ತಾನೆ. ಮನೆ ಮಾತ್ರ ಭೀಮಾ ಹೊಳೆಯ ಈಚೆ ದಂಡೆಯಲ್ಲಿ, ಕಲಬುರಗಿಯಿಂದ ಜೇವರ್ಗಿಗೆ ಹೋಗುವ ರಸ್ತೆಯಿಂದ ಒಳಗೆ, ಶಹರದ ಮಂದಿ ಕಟ್ಟಿಕೊಂಡ ಒಂದು ಹೊಸ ಕಾಲನಿಯಲ್ಲಿ. ನೆಂಟರ ಮದುವೆಯೊಂದರಲ್ಲಿ ನೂರೀನ ಅವನನ್ನು ನೋಡಿದ್ದಳು. ಹೂಂ ಅಂದಿದ್ದಳು. ಮಾತು ಮುಗಿದಿತ್ತು, ತಾರೀಖು ಉಳಿದಿತ್ತು. ನಮ್ಮ ಕಡೆ ಒಂದು ಪದ್ಧತಿಯಿದೆ. ಸಂಬಂಧ ಒಪ್ಪಿದ ಮೇಲೆ ಬರುವ ರಮಜಾನಿನಲ್ಲಿ ಹೆಣ್ಣಿನ ಕಡೆಯವರು ಗಂಡಿನ ಮನೆಗೆ ಇಫ್ತಾರಿಯ ತಿಂಡಿ ಒಯ್ಯಬೇಕು, ಎರಡೂ ಮನೆಯವರು ಕೂತು ಒಟ್ಟಿಗೆ ರೋಜಾ ಬಿಡಬೇಕು, ಬಿಟ್ಟಮೇಲೆ ಮದುವೆಯ ತಾರೀಖು ಹಿಡಿಯಬೇಕು. ಹುಡುಗಿ ಬರುವಂತಿಲ್ಲ.

ನೂರೀನ ನಮ್ಮನ್ನು ಬಸ್ ಸ್ಟ್ಯಾಂಡಿನತನಕ ಕಳಿಸಲು ಬಂದಳು. ತಾನೇ ಮಾಡಿದ ಶೇಂಗಾ ಹೋಳಿಗೆಯ ಡಬ್ಬಿ ನನ್ನ ಕೈಗಿಟ್ಟಳು.

‘ಅಮ್ಮಿ, ಅಲ್ಲಿ ಜರಾ ಸಣ್ಣಗ ಮಾತಾಡು. ರೆಹಾನನ ದೊಡ್ಡಬ್ಬಾಗ ಗದ್ದಲ ಅಂದ್ರ ಆಗಂಗಿಲ್ಲಂತ.’

‘ನಾ ಯಾವಾಗ ಗದ್ದಲ ಮಾಡೇನಿ?’ ಅಂದೆ. ಬಸ್ ಸ್ಟ್ಯಾಂಡಿನಲ್ಲಿದ್ದವರೆಲ್ಲ ತಿರುಗಿ ನೋಡಿದರು.

ನೂರೀನ ನಗಲಿಲ್ಲ. ‘ಇದು ಹೋತಂದ್ರ ಮತ್ತೊಂದು ಸಂಬಂಧದ ಮಾತು ನನ್ನ ಮುಂದ ತಗೀಬ್ಯಾಡ’ ಎಂದು ತಲೆ ಬಗ್ಗಿಸಿದಳು. ಅಲ್ಲಾನ ಮೇಲೆ ಆಣೆ ಮಾಡಿಕೊಂಡೆ, ಇವತ್ತು ನನ್ನ ಬಾಯಿಗೆ ಬೀಗ.

ಆಳಂದ, ಕಲಬುರಗಿ, ಅಲ್ಲಿಂದ ಜೀಪು. ರಸ್ತೆ ಬಿಟ್ಟು ಒಳಗೆ ತಿರುಗಿದ ಕೂಡಲೇ ಸದ್ದು ಕಡಿದುಹೋಯಿತು. ಸಾಲು ಸಾಲು ಮನೆ, ಎಲ್ಲದಕ್ಕೂ ಗೇಟು, ಎಲ್ಲ ಗೇಟೂ ಹಾಕಿದ್ದು. ಹಾರನ್ ಹಾಕಬಾರದು ಎಂದು ಬೋರ್ಡು. ಕೋಳಿ ಇಲ್ಲ, ಕುರಿ ಇಲ್ಲ, ಕಟ್ಟೆಯ ಮೇಲೆ ಕೂತ ಮುದುಕರಿಲ್ಲ. ನಮ್ಮೂರಿನಲ್ಲಿ ಸತ್ತ ಮನೆಯೂ ಇಷ್ಟು ಮೌನವಾಗಿರುವುದಿಲ್ಲ. ನಮ್ಮವರ ಮುಖ ಮಾತ್ರ ಅರಳಿತು. ತಮ್ಮಂಥವರದೇ ಒಂದು ಊರು ಇದೆ ಎಂದು ಅವರಿಗೆ ಅಂದೇ ಗೊತ್ತಾದದ್ದು.

ರೆಹಾನನ ಮನೆ ಕೊನೆಯ ಸಾಲಿನಲ್ಲಿ. ಹಿತ್ತಲ ಬಾಗಿಲು ತೆಗೆದರೆ ಮಣ್ಣಿನ ಒಡ್ಡು, ಒಡ್ಡು ಇಳಿದರೆ ಹೊಳೆ. ರೆಹಾನನ ತಂದೆ ತೀರಿಕೊಂಡು ಬಹಳ ವರ್ಷವಾಗಿದೆ, ತಾಯಿ ಖುರ್ಷಿದಬೇಗಂ. ಹಿರಿತನ ದೊಡ್ಡಪ್ಪ ಮುಕ್ರಮ ಸಾಹೇಬರದು. ಸರಕಾರಿ ಕಚೇರಿಯಿಂದ ನಿವೃತ್ತರಾದವರು, ಈಗ ಕಾಲನಿ ಸಂಘದ ಅಧ್ಯಕ್ಷರು.

‘ಬರ್ರಿ ಸಲಾವುದ್ದೀನ ಸಾಬ, ಬರ್ರಿ’ ಎಂದು ನಮ್ಮವರ ಕೈ ಹಿಡಿದು ಒಳಗೆ ಕರೆದರು. ಕೂತ ಮೇಲೆ ಮಾತೆಲ್ಲ ಕಾಲನಿಯದೇ. ‘ಇಲ್ಲಿ ಶಾಂತಿ ಅಂದ್ರ ಶಾಂತಿ ನೋಡ್ರಿ. ನಮ್ಮ ಮಸೀದ್ಯಾಗ ಬಾಂಗು ಸುದ್ದಾ ಮೈಕಿನಾಗ ಕೊಡಂಗಿಲ್ಲ. ಅಂಗಳದಾಗ ನಿಂತು ಬಾಯಿಲೇ ಕೊಡ್ತಾರ. ನಾವು ಕಿವಿಗೊಟ್ಟು ಕೇಳಿ ರೋಜಾ ಬಿಡ್ತೇವಿ.’

‘ಭಾಳ ಚಲೋ’ ಅಂದರು ನಮ್ಮವರು, ನನ್ನ ಕಡೆ ನೋಡುತ್ತ.

ನಮ್ಮೂರ ಮಸೀದಿಗೆ ಮೈಕೂ ಇದೆ, ಸೈರನ್ನೂ ಇದೆ. ರೋಜಾ ಬಿಡುವ ಹೊತ್ತಿಗೆ ಸೈರನ್ ಹೊಡೆದರೆ ದೂರದ ತೊಗರಿ ಹೊಲಗಳತನಕ ಕೇಳುತ್ತದೆ. ಹೊಲದಲ್ಲಿದ್ದವರು ಅಲ್ಲೇ ಖರ್ಜೂರ ಬಾಯಿಗಿಟ್ಟು, ನೀರು ಕುಡಿದು, ನೆಲ ಹಸನು ಮಾಡಿ ನಮಾಜಿಗೆ ನಿಲ್ಲುತ್ತಾರೆ. ಇದನ್ನು ಹೇಳಬೇಕೆಂದು ಬಾಯಿತನಕ ಬಂದಿತ್ತು. ನುಂಗಿದೆ. ಹೊತ್ತು ಇಳಿಯುವತನಕ ಎಷ್ಟು ನುಂಗಿದೆನೋ, ರೋಜಾದಲ್ಲಿ ಹೊಟ್ಟೆ ತುಂಬುವಷ್ಟು. ಆಡಿದ ನಾಲ್ಕು ಮಾತೂ ಗಂಟಲೊಳಗೇ ಆಡಿದೆ. ಖುರ್ಷಿದಬೇಗಂ ಕನಿಕರದಿಂದ ಕೇಳಿದರು, ‘ಗಂಟಲು ನೋಯಾಕತ್ತೇದ ಏನು ಆಪಾ?’

‘ಜರಾ’ ಅಂದೆ.

ಇಳಿಹೊತ್ತಿನ ಅಸರ್ ನಮಾಜು ಮುಗಿದ ಮೇಲೆ ನಮ್ಮವರಿಗೆ ಹೊಳೆ ನೋಡುವ ಆಸೆ ಹುಟ್ಟಿತು. ಬಸ್ಸಿನ ಕಿಟಕಿಯಿಂದ ನೋಡಿದ್ದು ಬಿಟ್ಟರೆ ಅವರು ಹೊಳೆಯಲ್ಲಿ ಕಾಲಿಟ್ಟವರಲ್ಲ. ಬಾವಿ ಗೊತ್ತು, ಬೋರು ಗೊತ್ತು, ಟ್ಯಾಂಕರ್ ಚೆನ್ನಾಗಿ ಗೊತ್ತು.

‘ಹೋಗಿ ಬರ್ರಿ’ ಅಂದರು ಮುಕ್ರಮ ಸಾಹೇಬರು. ‘ಬ್ಯಾಸಿಗಿ, ನೀರೇ ಇಲ್ಲ. ಬರೀ ಕಲ್ಲು. ನಡುವ ಒಂದು ಸಣ್ಣ ಝರಿ ಹರೀತದ, ಅಲ್ಲೇ ಕೈಕಾಲು ತೊಳದು ವಜೂ ಮಾಡ್ಕೊಂಡು ಬರ್ರಿ.’

ನಮ್ಮವರು ಫೋನನ್ನು ಚಾರ್ಜಿಗೆ ಹಾಕಿಯೇ ಬಿಟ್ಟು, ನೀರಿನ ಬಾಟಲಿ ತಗೊಂಡು, ನಾಲ್ಕು ಖರ್ಜೂರ ಕರವಸ್ತ್ರದಲ್ಲಿ ಕಟ್ಟಿಕೊಂಡರು. ಹೊಲದವರ ರೂಢಿ ಅದು, ಎಲ್ಲಿ ಹೊತ್ತಾದರೂ ಕೈಯಲ್ಲಿ ಖರ್ಜೂರ ಇರಬೇಕು.

‘ಲಗೂನ ಬರ್ರಿ’ ಅಂದೆ ಬಾಗಿಲಲ್ಲಿ.

‘ಇಲ್ಲೇ ಅದೇನಿ. ನೀ ಸುಮ್ನಿರು’ ಎಂದು ಇಳಿದು ಹೋದರು.

ಹೊಳೆಯಲ್ಲಿ ಹುಷಾರು ಎಂದು ಯಾರೂ ಹೇಳಲಿಲ್ಲ. ಅದಕ್ಕೆ ನಾನು ಯಾರನ್ನೂ ಬೈಯುವುದಿಲ್ಲ. ನಮಗೆ ಹೊಳೆ ಗೊತ್ತಿಲ್ಲ, ನಮಗೆ ಗೊತ್ತಿಲ್ಲ ಎಂಬುದು ಹೊಳೆಯವರಿಗೆ ಗೊತ್ತಿಲ್ಲ.

ನಾನು ಅಡಿಗೆಮನೆಯಲ್ಲಿ ಖುರ್ಷಿದಬೇಗಮರ ಜೊತೆ ಸಮೋಸ ಮಡಚುತ್ತ ಕೂತೆ. ಕಿಟಕಿಯಿಂದ ಹೊಳೆ ಪೂರಾ ಕಾಣುತ್ತಿತ್ತು. ನಮ್ಮವರ ಬಿಳಿ ಟೊಪ್ಪಿಗೆ ಕಲ್ಲಿನಿಂದ ಕಲ್ಲಿಗೆ ದಾಟುತ್ತ ಹೋಗುತ್ತಿತ್ತು. ಈ ದಂಡೆಗೆ ಹತ್ತಿದಂತೆ ಒಂದು ತಗ್ಗು, ಅದರಲ್ಲಿ ಹಿಮ್ಮಡಿ ಮುಳುಗುವಷ್ಟು ನೀರು. ಅದನ್ನು ದಾಟಿ, ನಡುಹೊಳೆಯಲ್ಲಿ ಚಾಪೆ ಹಾಸಿದಂಥ ಒಂದು ಬಂಡೆಯ ಮೇಲೆ ಹೋಗಿ ಕೂತರು. ಬಂಡೆಯಂಚಿಗೆ ಬಗ್ಗಿ ನೀರಿನಲ್ಲಿ ಕೈ ಆಡಿಸುತ್ತಿದ್ದರು. ಇಷ್ಟು ವಯಸ್ಸಾದ ಗಂಡಸು ಹೀಗೆ ನೀರಾಡುವುದನ್ನು ಕಂಡು ನನಗೆ ನಗುವೂ ಬಂತು, ಪ್ರೀತಿಯೂ ಬಂತು.

ಆಗ ಸೈರನ್ ಕೂಗಿತು.

ಉದ್ದನೆಯ ಕೂಗು, ಮೇಲಿನ ಕಡೆಯಿಂದ, ನಮ್ಮೂರ ಮಸೀದಿಯದೇ ಅನ್ನುವಂಥದ್ದು. ನನ್ನ ಕೈ ತಾನಾಗಿ ಖರ್ಜೂರದ ತಟ್ಟೆಗೆ ಹೋಯಿತು. ‘ಬಿಸ್ಮಿಲ್ಲಾ’ ಎಂದು ತುಟಿಗೆ ತಂದೆ. ಖುರ್ಷಿದಬೇಗಂ ನನ್ನ ಮಣಿಕಟ್ಟು ಹಿಡಿದರು.

‘ಇದು ಅದಲ್ಲ ಆಪಾ. ಮ್ಯಾಲ ಬ್ಯಾರೇಜಿನ ಗೇಟ್ ಎತ್ತಾಕತ್ತಾರ. ಬ್ಯಾಸಿಗ್ಯಾಗ ಕೆಳಗಿನ ಊರಿಗಿ ಕುಡಿಯೋ ನೀರು ಬಿಡ್ತಾರ. ಹೊಳ್ಯಾಗ ಇದ್ದವರು ಮ್ಯಾಲ ಬರ್ರಿ ಅಂತ ಸೈರನ್ನು. ರೋಜಾ ಬಿಡಲಿಕ್ಕ ಇನ್ನಾ ಜರಾ ಟೈಮ್ ಅದ.’

ಅಡಿಗೆಮನೆಯ ಗೋಡೆಯ ಮೇಲೆ ಇನ್ನೂ ಬಿಸಿಲಿತ್ತು. ನಾನು ಕಿಟಕಿಯಿಂದ ನೋಡಿದೆ. ಕೆಳಗೆ ಹೊಳೆಯಲ್ಲಿ ಬಿಸಿಲಿರಲಿಲ್ಲ. ಆಚೆ ದಂಡೆ ಎತ್ತರ, ಅದರ ಮೇಲೆ ಜಾಲಿಯ ಗಿಡಗಳು, ಸೂರ್ಯ ಅದರ ಹಿಂದೆ ಸರಿದಿದ್ದ. ನಮ್ಮದು ಮಟ್ಟಸ ನೆಲ, ಅಲ್ಲಿ ಸೂರ್ಯ ಕಣ್ಣಿಗೆ ಕಾಣಿಸದಿದ್ದರೆ ಮುಳುಗಿದ ಅಂತಲೇ ಅರ್ಥ. ಆ ತಗ್ಗಿನಲ್ಲಿ ಕೂತ ಮನುಷ್ಯನಿಗೆ ಹೊತ್ತು ಮುಳುಗಿದೆ, ಸೈರನ್ ಕೂಗಿದೆ. ಇನ್ನೇನು ಬೇಕು? ಅವರು ಬಾಯಿಗೆ ಖರ್ಜೂರ ಹಾಕಿಕೊಂಡರು. ಬಾಟಲಿ ಎತ್ತಿ ನೀರು ಕುಡಿದರು. ಕರವಸ್ತ್ರ ಬಂಡೆಯ ಮೇಲೆ ಹಾಸಿ, ಪಶ್ಚಿಮಕ್ಕೆ ಮುಖ ಮಾಡಿ, ಕಿವಿಯತನಕ ಕೈ ಎತ್ತಿ ನಮಾಜಿಗೆ ನಿಂತರು. ಬೆನ್ನು ನಮ್ಮ ಕಡೆ.

‘ಅವರು ಹೊಳ್ಯಾಗ ಅದಾರ’ ಅಂದೆ. ಆಗಲೂ ಸಣ್ಣ ದನಿಯಲ್ಲೇ ಅಂದೆ, ನೋಡಿ.

‘ಸೈರನ್ ಕೇಳ್ಯಾರಲ್ಲ, ಬರ್ತಾರ ಬಿಡ್ರಿ’ ಅಂದರು ಆಕೆ.

‘ಬರಂಗಿಲ್ಲ. ನಮಾಜಿಗಿ ನಿಂತಾರ.’

ಖುರ್ಷಿದಬೇಗಮರ ಕೈಯ ಜಾಲರಿ ಎಣ್ಣೆಯಲ್ಲಿ ಬಿತ್ತು. ನಾನು ಬರಿಗಾಲಲ್ಲಿ ಹಿತ್ತಲ ಬಾಗಿಲಿನಿಂದ ಓಡಿದೆ.

ಹೊಳೆ ಬರುವಾಗ ಗದ್ದಲ ಮಾಡುತ್ತದೆ ಅಂದುಕೊಂಡಿದ್ದೆ. ಅದೂ ಆ ಕಾಲನಿಯದೇ ಹೊಳೆ, ಸದ್ದಿಲ್ಲದೆ ಬಂತು. ಈಚಿನ ತಗ್ಗಿನಲ್ಲಿ ಒಂದು ಕಲ್ಲು ಇತ್ತು, ನೋಡುತ್ತಿದ್ದಂತೆ ಇಲ್ಲ. ಅದರ ಪಕ್ಕದ್ದೂ ಇಲ್ಲ. ನೀರಿನ ಬಣ್ಣ ಬದಲಾಯಿತು, ಮೇಲೆ ಕಸಕಡ್ಡಿ ತೇಲಿ ಬಂತು. ಅವರು ನಿಂತ ಬಂಡೆ ಎತ್ತರದ್ದು, ಅಲ್ಲಿಗೆ ಇನ್ನೂ ಏನೂ ಮುಟ್ಟಿರಲಿಲ್ಲ. ಅವರ ಬೆನ್ನ ಹಿಂದೆ ದಾರಿ ಮುಚ್ಚುತ್ತಿತ್ತು.

ಬೀಗ, ಆಣೆ ಎಲ್ಲ ಮರೆತು ಕೂಗಿದೆ. ‘ಓ ನೂರೀನನ ಅಬ್ಬಾ. ನೀರು ಬಂತು, ಬರ್ರಿ.’

ಗಾಳಿ ಆಚೆ ದಂಡೆಯಿಂದ ನನ್ನ ಮುಖಕ್ಕೆ ಬೀಸುತ್ತಿತ್ತು. ಮಾತು ಹರಿದುಹೋಯಿತು, ಬರೀ ದನಿ ಮುಟ್ಟಿತು. ಮುಟ್ಟಿತು ಎಂದು ನನಗೆ ಗೊತ್ತು, ಅವರ ಭುಜ ಒಂದಿಷ್ಟು ಅಲ್ಲಾಡಿತು. ಆಮೇಲೆ ಇನ್ನೂ ಗಟ್ಟಿಯಾಗಿ ನಿಂತರು. ಮನೆಯಲ್ಲೂ ಹಾಗೇ. ಅವರು ನಮಾಜಿನಲ್ಲಿದ್ದಾಗ ನಾನು ಕರೆದರೆ, ರೊಟ್ಟಿ ಆರುತ್ತದೆ ಎಂದು ಕರೆಯುತ್ತಿದ್ದಾಳೆ ಅಂದುಕೊಂಡು ಹಣೆ ನೆಲಕ್ಕೂರುವ ಸಜ್ದಾವನ್ನು ಇನ್ನಷ್ಟು ಉದ್ದ ಮಾಡುತ್ತಾರೆ. ನನಗೆ ಬುದ್ಧಿ ಕಲಿಸುವ ಅವರ ರೀತಿ ಅದು. ಮತ್ತೆ ಕೂಗಿದೆ. ಅವರು ರುಕೂಗೆ ಬಾಗಿದರು.

ಅಷ್ಟರಲ್ಲಿ ರೆಹಾನ ಜೇವರ್ಗಿಯಿಂದ ಬಂದವನು, ಬೈಕನ್ನು ಒಡ್ಡಿನ ಮೇಲೆ ಕೆಡವಿ ಓಡಿ ಇಳಿದ. ನೋಡಿದ ಕೂಡಲೇ ಅವನಿಗೆ ತಿಳಿಯಿತು. ಪ್ಯಾಂಟು ಶರ್ಟಿನಲ್ಲೇ ತಗ್ಗಿಗೆ ಇಳಿದ. ಮೊಣಕಾಲು, ತೊಡೆ. ಪಾಚಿಯ ಮೇಲೆ ಕಾಲು ಜಾರಿ ಮುಳುಗಿ ಎದ್ದ.

‘ಖಾಲಾ, ನಾ ಆ ಕಡಿಗಿ ಮುಟ್ಟೋದ್ರಾಗ ನೀರು ಎದಿಮಟ ಆಗ್ತದ. ಅವರು ಈಗ ಹೊಂಟ್ರ ನಡುವ ಹಿಡೀತೇನಿ. ಈಗಿಂದೀಗ ಹೊಂಡಬೇಕು.’

‘ನಮಾಜು ಮುಗಿಸದ ಅವರು ತಿರುಗಂಗಿಲ್ಲ.’

‘ಅಷ್ಟು ಟೈಮ್ ಇಲ್ಲ ಖಾಲಾ.’

ಅವರು ಸಜ್ದಾಕ್ಕೆ ಇಳಿದರು. ಬಿಳಿ ಟೊಪ್ಪಿಗೆ ಬಂಡೆಯ ಮೇಲೆ ಒಂದು ಚುಕ್ಕೆ. ಆಗ ನನಗೊಂದು ಯೋಚನೆ ಬಂತು. ಹೊತ್ತಾಗಿದೆ ಎಂದು ಈ ಮನುಷ್ಯ ನಮಾಜಿಗೆ ನಿಂತಿದ್ದಾರೆ. ಈಗ ಬೆನ್ನ ಹಿಂದೆ ಬಾಂಗು ಕೇಳಿದರೆ? ಬಾಂಗಿಗೆ ಮೊದಲು ಮಾಡಿದ ನಮಾಜು ನಮಾಜಲ್ಲ. ಆಗ ನಿಲ್ಲಿಸಲೇಬೇಕು, ತಿರುಗಲೇಬೇಕು.

‘ರೆಹಾನ, ಬಾಂಗು ಕೊಡು.’

ಅವನು ಒಂದು ಸಲ ನನ್ನ ಮುಖ ನೋಡಿದ. ಸೊಂಟಮಟ್ಟದ ನೀರಿನಲ್ಲಿ ನಿಂತು, ಕೈ ಬಾಯಿಗೆ ಮಾಡಿ ‘ಅಲ್ಲಾಹು ಅಕ್ಬರ್’ ಎಂದು ಕೂಗಿದ. ಕಾಲನಿಯಲ್ಲಿ ಬೆಳೆದ ದನಿ. ನನಗೇ ಸರಿಯಾಗಿ ಕೇಳಲಿಲ್ಲ. ಇನ್ನೊಮ್ಮೆ ಕೂಗಿ, ನೀರು ಬಾಯಿಗೆ ಬಂದು ಕೆಮ್ಮಿದ.

‘ನನ್ನ ದನಿ ಹೋಗವಲ್ದು ಖಾಲಾ.’

ಹೆಂಗಸರು ಬಾಂಗು ಕೊಡುವುದಿಲ್ಲ. ನನ್ನ ತಾಯಿ ಕೊಟ್ಟಿಲ್ಲ, ಅವಳ ತಾಯಿ ಕೊಟ್ಟಿಲ್ಲ. ಹೊತ್ತಿಗೆ ಮೊದಲು ಗಂಡಸರೂ ಕೊಡುವುದಿಲ್ಲ. ಹಿಂದೆ ಆ ಸಾಲಿನ ಮನೆಗಳೆಲ್ಲ ತಟ್ಟೆಯ ಮುಂದೆ ಕೂತು ಬಾಂಗಿಗೇ ಕಿವಿಗೊಟ್ಟಿವೆ. ಮುಕ್ರಮ ಸಾಹೇಬರು ಕೂತಿದ್ದಾರೆ. ನೂರೀನ ಬಸ್ ಸ್ಟ್ಯಾಂಡಿನಲ್ಲಿ ತಲೆ ಬಗ್ಗಿಸಿ ನಿಂತದ್ದು ಕಣ್ಣಿಗೆ ಕಟ್ಟಿತು. ಸುಳ್ಳು ಹೇಳುವುದಿಲ್ಲ, ಒಂದು ಉಸಿರಿನಷ್ಟು ಹೊತ್ತು ನಾನು ಸುಮ್ಮನೆ ನಿಂತೆ. ಮಗಳ ಬಾಳು ಒಂದು ಕಡೆ, ಗಂಡನ ಜೀವ ಒಂದು ಕಡೆ ಎಂದು ತೂಗಿದೆ. ಆ ಒಂದು ಉಸಿರನ್ನು ನಾನು ಇನ್ನೂ ಮರೆತಿಲ್ಲ.

ಆಮೇಲೆ ಎರಡೂ ಕಿವಿಗೆ ಬೆರಳಿಟ್ಟು ಬಾಂಗು ಕೊಟ್ಟೆ.

‘ಅಲ್ಲಾಹು ಅಕ್ಬರ್, ಅಲ್ಲಾಹು ಅಕ್ಬರ್.’

ನನ್ನ ದನಿಯನ್ನು ನಾನೇ ಹಾಗೆ ಎಂದೂ ಕೇಳಿರಲಿಲ್ಲ. ಅದು ನೀರಿನ ಮೇಲೆ ಹೋಯಿತು, ಆಚೆ ದಂಡೆಗೆ ಬಡಿದು ತಿರುಗಿ ಬಂತು. ಜಾಲಿಯ ಗಿಡದಿಂದ ಬೆಳ್ಳಕ್ಕಿ ಎದ್ದವು. ಬಂಡೆಯ ಮೇಲೆ ಅವರು ಸಜ್ದಾದಿಂದ ಎದ್ದು ಕೂತರು. ತಿರುಗಲಿಲ್ಲ.

‘ಇನ್ನೊಮ್ಮಿ ಖಾಲಾ’ ಅಂದ ರೆಹಾನ, ‘ಇನ್ನೂ ಜೋರ.’

ಇನ್ನೂ ಜೋರಾಗಿ ಎಂದು ನನಗೆ ಹೇಳಿದ ಮನುಷ್ಯ ಅವನೊಬ್ಬನೇ. ಹೊಟ್ಟೆಯ ತಳದಿಂದ ಎಳೆದು ಕೊಟ್ಟೆ. ಬಾಂಗಿನ ಮುಂದಿನ ಸಾಲು ಇನ್ನೂ ಬಾಯಲ್ಲಿತ್ತು, ಅವರ ತಲೆ ತಿರುಗಿತು. ತಲೆಯ ಹಿಂದೆ ಭುಜ, ಭುಜದ ಹಿಂದೆ ಪೂರಾ ಮನುಷ್ಯ. ನನ್ನನ್ನು ನೋಡಿದರು, ನೀರನ್ನು ನೋಡಿದರು, ಎದ್ದರು.

ಅವರಿಗೆ ಈಜು ಬಾರದು. ಬಂಡೆಯಿಂದ ಇಳಿದವರು ಮೊದಲು ಮೊಣಕಾಲಿನತನಕ, ಆಮೇಲೆ ಎದೆಯತನಕ. ನಡುವೆ ಒಮ್ಮೆ ತಲೆಯೂ ಕಾಣಲಿಲ್ಲ. ಆಗ ನಾನು ಏನು ಕೂಗಿದೆನೋ ನೆನಪಿಲ್ಲ, ಬಾಂಗಂತೂ ಅಲ್ಲ. ರೆಹಾನ ಮುಂದಕ್ಕೆ ಬಿದ್ದು ಅವರ ಜುಬ್ಬದ ಕೊರಳಪಟ್ಟಿ ಹಿಡಿದ. ನಾನು ನೀರಿಗೆ ಇಳಿದು ರೆಹಾನನ ಶರ್ಟು ಹಿಡಿದೆ. ಹಾಗೆ ಒಬ್ಬರ ಬೆನ್ನಿಗೆ ಒಬ್ಬರು ಜೋತುಬಿದ್ದು ದಂಡೆಗೆ ಬಂದೆವು. ಟೊಪ್ಪಿಗೆ ಹೋಗಿತ್ತು, ಚಪ್ಪಲಿ ಹೋಗಿತ್ತು. ಕೆಸರಿನಲ್ಲಿ ಮೊಣಕಾಲೂರಿ ಅವರು ಹೊಳೆಯ ನೀರೆಲ್ಲ ಕಾರಿದರು. ನಾನು ಬೆನ್ನು ಗುದ್ದುತ್ತಲೇ ಇದ್ದೆ. ಸಾಕಾದ ಮೇಲೂ ಗುದ್ದಿದೆ. ಸಿಟ್ಟು ಬಂದಿತ್ತು.

ತಲೆ ಎತ್ತಿದಾಗ ಒಡ್ಡಿನ ಮೇಲೆ ಮಂದಿ ನಿಂತಿದ್ದರು. ಸಾಲುಮನೆಯವರೆಲ್ಲ. ಕೆಲವರ ಬಾಯಿ ಇನ್ನೂ ಆಡುತ್ತಿತ್ತು. ಮುಕ್ರಮ ಸಾಹೇಬರ ಕೈಯಲ್ಲಿ ಅರ್ಧ ಕಚ್ಚಿದ ಖರ್ಜೂರ. ಅಷ್ಟರಲ್ಲಿ ಕಾಲನಿಯ ಒಳಗಿನಿಂದ, ಅವರ ಮಸೀದಿಯ ಖರೇ ಬಾಂಗು ಸಣ್ಣಗೆ ಕೇಳಿಬಂತು. ಆಗ ಎಲ್ಲರಿಗೂ ತಿಳಿಯಿತು. ನನ್ನ ಗಂಡುದನಿ ಕೇಳಿ ಅವರೆಲ್ಲ ಹೊತ್ತಿಗೆ ಮೊದಲೇ ರೋಜಾ ಬಿಟ್ಟಿದ್ದರು. ದಿನಪೂರ್ತಿ ಹಸಿದದ್ದು ನೀರುಪಾಲು.

ಮನೆಯೊಳಗೆ ನಮ್ಮವರಿಗೆ ಒಣಬಟ್ಟೆ ಕೊಟ್ಟು, ಚಾದರ ಹೊದಿಸಿ ಕೂಡಿಸಿದರು. ಹಾಸಿದ ದಸ್ತರಖಾನಿನ ಮೇಲೆ ಸಮೋಸ, ಹಣ್ಣು, ನೂರೀನಳ ಶೇಂಗಾ ಹೋಳಿಗೆ. ಯಾರೂ ಮುಟ್ಟಲಿಲ್ಲ. ಹೊರಗೆ ಅಂಗಳದಲ್ಲಿ ನೆರೆಯವರು ಗುಂಪಾಗಿ ನಿಂತಿದ್ದರು. ನಾನು ಅಡಿಗೆಮನೆಯ ಹೊಸ್ತಿಲಲ್ಲಿ ಕೂತೆ. ಸೀರೆಯಿಂದ ನೀರು ಇಳಿಯುತ್ತಿತ್ತು.

ಮುಕ್ರಮ ಸಾಹೇಬರು ಕೆಟ್ಟವರಲ್ಲ. ದನಿ ಏರಿಸಲಿಲ್ಲ. ಏರಿಸಿದ್ದರೆ ನನಗೆ ಹಗುರಾಗುತ್ತಿತ್ತು.

‘ಸಲಾವುದ್ದೀನ ಸಾಬ, ಜೀವ ಉಳೀತು, ಅಲ್ಲಾನ ಮೆಹರಬಾನಿ. ಆದ್ರ ಇಷ್ಟು ಮಂದಿ ರೋಜಾ ಹೋತು. ಬಾಂಗು ಕೊಟ್ಟ ಹೆಣ್ಣಮಗಳು ಯಾರು ಅಂತ ಕೇಳಾಕತ್ತಾರ. ನಮ್ಮ ಮನಿ ಬೀಗರಾಗೋರು ಅಂತ ನಾ ಹ್ಯಾಂಗ ಹೇಳಲಿ? ನಾಳಿಗಿ ನಾ ಈ ಕಾಲನ್ಯಾಗ ಮಾರಿ ತೋರಸಬೇಕು.’ ಹೊಸ್ತಿಲ ಕಡೆ ನೋಡಿದರು. ‘ನಿಮ್ಮ ಮನಿಯವರು ಬಾಗಲಿಗಿ ಬಂದು ಒಂದು ಮಾತು ಅಂದುಬಿಡಲಿ. ತಪ್ಪಾತು, ತೌಬಾ ಅಂತ. ಅಷ್ಟು ಅಂದ್ರ ಮುಗೀತು. ಆಮ್ಯಾಲ ತಾರೀಖಿನ ಮಾತು.’

ಅನ್ನದಿದ್ದರೆ ತಾರೀಖಿಲ್ಲ. ಅದನ್ನು ಅವರು ಹೇಳಲಿಲ್ಲ, ಹೇಳುವ ಅಗತ್ಯವಿರಲಿಲ್ಲ.

ನನಗೇನು, ಒಂದು ಮಾತು. ನೂರೀನಳಿಗಾಗಿ ಹತ್ತು ಸಲ ಅಂದೇನು. ಮಾನ ಎಂಬುದು ಮಗಳಿಗಿಂತ ದೊಡ್ಡದೇ? ಎದ್ದೆ. ಸೆರಗು ತಲೆಗೆ ಎಳೆದುಕೊಂಡು ಬಾಗಿಲ ಕಡೆ ನಡೆದೆ. ಅಂಗಳದವರು ತಿರುಗಿ ನೋಡಿದರು. ಬಾಯಿ ತೆರೆದೆ.

‘ಬ್ಯಾಡ.’

ಹಿಂದಿನಿಂದ ನಮ್ಮವರ ದನಿ. ‘ಕೂಡು, ಬೀಬಿಜಾನ.’

ನಾಲ್ಕು ಮಂದಿಯ ಮುಂದೆ ಅವರು ನನ್ನ ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಚಾದರ ಹೊದ್ದೇ ಎದ್ದು ನಿಂತಿದ್ದರು, ಹಲ್ಲು ಕಟಕಟ ಅನ್ನುತ್ತಿದ್ದವು.

‘ತಪ್ಪು ನಂದು ಅದ ಸಾಬ. ಸೈರನ್ ಕೇಳಿ ರೋಜಾ ಬಿಟ್ಟಾಂವ ನಾ. ಹೊತ್ತಿಗಿ ಮೊದಲ ನಮಾಜಿಗಿ ನಿಂತಾಂವ ನಾ. ತೌಬಾ ನಾ ಮಾಡ್ತೇನಿ, ಎಲ್ಲಾರ ಮುಂದ ಮಾಡ್ತೇನಿ. ಇಕಿ ಮಾಡಂಗಿಲ್ಲ.’

‘ಅವರು ಬಾಂಗು ಕೊಟ್ಟಿದ್ದಕ್ಕ ನೀವು ತಿರುಗಿ ನೋಡಿದ್ರಿ, ಖರೆ. ಹೊತ್ತಾಗಿಲ್ಲಂತ ನಿಮಗ ತಿಳೀತು. ಅದನ್ನ ನಾ ಇಲ್ಲ ಅನ್ನಂಗಿಲ್ಲ’ ಅಂದರು ಮುಕ್ರಮ ಸಾಹೇಬರು. ‘ಆದ್ರ...’

‘ಹೊತ್ತಾಗಿಲ್ಲಂತ ತಿಳದು ತಿರುಗಲಿಲ್ಲ ನಾ. ಈ ಊರಾಗ ಬಾಂಗು ತಡಾ ಕೊಡ್ತಾರೇನೋ ಅಂದ್ಕೊಂಡೆ. ಮುಗಿಸೇ ಏಳ್ತೇನಿ ಅಂತ ಕೂತಿದ್ದೆ. ಎರಡನೇ ಸಲಕ್ಕ ದನಿ ಗುರ್ತು ಸಿಕ್ತು.’ ಅವರು ನನ್ನ ಕಡೆ ಕೈ ಮಾಡಿದರು. ‘ಇಕಿ ಬಾಯಿ ಜೋರು. ಊರಿಗೇ ಗೊತ್ತದ. ಆದ್ರ ದೀನು-ಧರ್ಮದ ಮಾತಿನಾಗ ಇಕಿ ಒಂದಿನ ಆಟ ಆಡಿಲ್ಲ. ಇಂಥಾಕಿ ಬಾಂಗು ಕೊಡಾಕತ್ಯಾಳಂದ್ರ ನನ್ನ ಬೆನ್ನಿಗಿ ಸಾವು ನಿಂತದ ಅಂತ ತಿಳೀತು. ಅದಕ್ಕ ನಮಾಜು ಮುರದೆ. ಬಾಂಗಿಗಲ್ಲ, ಇಕಿ ಮ್ಯಾಲಿನ ನಂಬಿಗಿಗಿ.’

ಉಸಿರು ಎಳೆದುಕೊಂಡು ಮುಗಿಸಿದರು: ‘ಇದಕ್ಕ ಇಕಿ ತಪ್ಪಾತು ಅನ್ನಬೇಕಂದ್ರ, ನಾ ಬದುಕಿ ಬಂದದ್ದು ತಪ್ಪು ಅಂದಂಗ. ಸಂಬಂಧ ಬ್ಯಾಡಂದ್ರ ಹೇಳ್ರಿ. ನಾವು ಎದ್ದು ಹೋಗ್ತೇವಿ.’

ನನಗೆ ಅವರ ಮೇಲೆ ಕೆಂಡದಂಥ ಸಿಟ್ಟು ಬಂತು. ಇಷ್ಟು ವರ್ಷ ಬಾಯಿ ಬಿಡದ ಮನುಷ್ಯ ಇವತ್ತೇ ಬಿಡಬೇಕಿತ್ತೇ, ಅದೂ ನನ್ನ ಮಗಳ ಬಾಳಿನ ಮೇಲೆ? ಸಿಟ್ಟಿನ ಜೊತೆಗೇ ಅಳುವೂ ಬಂತು. ಅವರನ್ನು ನೀರಿನಿಂದ ತೆಗೆದಾಗಲೂ ಅಷ್ಟು ಅಳು ಬಂದಿರಲಿಲ್ಲ.

ಬಾಗಿಲ ಬಳಿ ಒದ್ದೆ ಬಟ್ಟೆಯಲ್ಲಿ ರೆಹಾನ ನಿಂತಿದ್ದ. ‘ದೊಡ್ಡಬ್ಬಾ’ ಅಂದ. ‘ಇನ್ನೂ ಜೋರ ಕೂಗ್ರಿ ಅಂದಾಂವ ನಾ ಅದೇನಿ. ಬೇಕಂದ್ರ ನನ್ನಿಂದ ಅನಸ್ರಿ.’

ಮುಕ್ರಮ ಸಾಹೇಬರು ಅಂಗಳದ ಕಡೆ ನೋಡಿದರು, ನೆಲ ನೋಡಿದರು.

ಖುರ್ಷಿದಬೇಗಂ ಅಡಿಗೆಮನೆಯಿಂದ ಬಂದರು. ಕೈಯಲ್ಲಿ ಬಿಸಿ ಗಂಜಿಯ ಬಟ್ಟಲು. ಗಂಡಸರನ್ನು ದಾಟಿ ಬಂದು ಅದನ್ನು ನನ್ನ ಕೈಗೆ ಕೊಟ್ಟರು. ಆಮೇಲೆ ಮೈತುಂಬ ಸೆರಗು ಹೊದ್ದುಕೊಂಡು, ಭಾವನ ಕಡೆ ನೋಡದೆಯೇ ಮಾತಾಡಿದರು.

‘ಭಾಯಿಜಾನ, ರೋಜಾ ನಂದೂ ಹೋಗ್ಯಾದ. ಈದ್ ಆದ ಮ್ಯಾಲ ಒಂದಿನ ಹಿಡದು ತೀರಸ್ತೇನಿ, ಹೊರಗ ನಿಂತವರೂ ತೀರಸ್ಲಿ. ಒಂದು ರೋಜಾ ತಿರುಗಿ ಹಿಡೀಲಿಕ್ಕ ಬರ್ತದ. ಹೊಳಿ ಒಯ್ದವರನ್ನ ತಿರುಗಿ ತರಲಿಕ್ಕ ಬರಂಗಿಲ್ಲ. ನನ್ನ ಸಮಧನ್ ಯಾರ ಮುಂದೂ ತೌಬಾ ಮಾಡಂಗಿಲ್ಲ.’

ಸಮಧನ್ ಅಂದರೆ ಬೀಗತಿ. ತಾರೀಖು ಹಿಡಿಯುವ ಮೊದಲು ಆ ಮಾತನ್ನು ನಮ್ಮಲ್ಲಿ ಯಾರೂ ಆಡುವುದಿಲ್ಲ. ಆಡಿದ ಮೇಲೆ ತಿರುಗಿ ತೆಗೆದುಕೊಳ್ಳುವುದೂ ಇಲ್ಲ.

ಮುಕ್ರಮ ಸಾಹೇಬರು ಎದ್ದು ಅಂಗಳಕ್ಕೆ ಹೋಗಿ, ತಮ್ಮದೇ ಸಣ್ಣ ದನಿಯಲ್ಲಿ ನೆರೆಯವರಿಗೆ ಏನೋ ಹೇಳಿದರು. ನಮಗೆ ಕೇಳಲಿಲ್ಲ. ಗುಂಪು ಕರಗಿತು. ಒಳಗೆ ಬಂದು ನನ್ನನ್ನೇ ನೋಡಿ ಕೇಳಿದರು:

‘ಹೇಳ್ರಿ, ಈದ್ ಆದ ಮ್ಯಾಲ ಯಾವ ವಾರ ಅನುಕೂಲ ಆಗ್ತದ ನಿಮಗ?’

ಹೇಳಬೇಕೆಂದು ಬಾಯಿ ತೆರೆದೆ. ಹೊಳೆದಂಡೆಯಲ್ಲಿ ಕೂಗಿ ಕೂಗಿ ಗಂಟಲು ಕಟ್ಟಿಹೋಗಿತ್ತು. ತುಟಿ ಆಡಿತು, ದನಿ ಹೊರಡಲಿಲ್ಲ. ನಮ್ಮವರು ನನ್ನ ತುಟಿಯಾಟ ನೋಡಿದರು. ಆಮೇಲೆ ಆ ಮನೆಗಷ್ಟೇ ಅಲ್ಲ, ಆಚೆ ಮನೆಗೂ ಕೇಳುವಂತೆ ಹೇಳಿದರು:

‘ಮೊದಲ ಶುಕ್ರವಾರ ಬೇಕಂತಾಳ ಇಕಿ.’